ಜೆಟ್ಟಿನೊಳಗಿನ ತಂತಿ

ಕಲ್ಮಲ ಕ್ರಾಸಿನಲ್ಲಿ ಅವತ್ತು ನಮ್ಮ ಬೈಕು ರಸ್ತೆಯ ನಟ್ಟನಡುವೆ ನಿಂತುಬಿಟ್ಟಿತು. ಮಲ್ಲಟದಲ್ಲಿ ನೆಂಟರ ಮಗುವಿಗೆ ಹೆಸರಿಡುವ ಕಾರ್ಯ ಮುಗಿಸಿಕೊಂಡು ನಾನು ಮತ್ತು ನಮ್ಮ ಯಜಮಾನರು ರಾಯಚೂರಿಗೆ ವಾಪಸ್ಸು ಬರುತ್ತಿದ್ದೆವು. ಕ್ರಾಸಿನ ಅಂಗಡಿಯಲ್ಲಿ ಚಹಾ ಕುಡಿದು ರಸ್ತೆ ದಾಟಬೇಕಿತ್ತು. ಭತ್ತದ ಚೀಲ ಹೇರಿದ ಲಾರಿ ಇನ್ನೂ ದೂರದಲ್ಲಿತ್ತು, ದಾಟಲು ಬೇಕಾದಷ್ಟು ಹೊತ್ತಿತ್ತು. ಅವರು ಎಕ್ಸಲೇಟರ್ ತಿರುವಿದರು. ಗಾಡಿ ಮುಂದಕ್ಕೆ ಹೋಗುವ ಬದಲು ಒಂದು ಸಲ ಕೆಮ್ಮಿ ಸುಮ್ಮನಾಯಿತು.

ನಾನು ಯಾವಾಗಿನಂತೆ ಒಂದು ಕೈ ಅವರ ಹೆಗಲ ಮೇಲಿಟ್ಟು, ಮಡಿಲಲ್ಲಿ ಹೋಳಿಗೆ ಡಬ್ಬಿ ಇಟ್ಟುಕೊಂಡು ಕೂತಿದ್ದೆ. ಲಾರಿಯವನು ಹಾರ್ನ್ ಒತ್ತಿದ ಕೈ ತೆಗೆಯಲೇ ಇಲ್ಲ. ನಾನು ಜಿಗಿದು ಹಿಂದಿನ ಕಂಬಿ ಹಿಡಿದು ತಳ್ಳಿದೆ, ಅವರು ಎರಡೂ ಕಾಲಿನಿಂದ ನೆಲ ಒದ್ದರು. ನಾವು ಉಳಿದೆವು. ಡಬ್ಬಿ ಉಳಿಯಲಿಲ್ಲ. ಸ್ಟೀಲಿನ ಡಬ್ಬಿ ಲಾರಿಯ ಗಾಲಿಗೆ ಸಿಕ್ಕಿ ತಟ್ಟೆಯಂತೆ ಚಪ್ಪಟೆಯಾಗಿ ಬಿದ್ದಿತ್ತು. ಅದನ್ನೆತ್ತಿಕೊಂಡು ಬಂದೆ. ಇವತ್ತಿಗೂ ಅಡುಗೆಮನೆಯ ಮೇಲಿನ ಹಲಗೆಯಲ್ಲಿದೆ.

"ಬಿಸಲಿಗೆ ಹಂಗ ಆಗ್ತದ," ಅಂದರು ಯಜಮಾನರು, ಮುಖ ಒರೆಸಿಕೊಳ್ಳುತ್ತ.

ಬಿಸಿಲು ರಾಯಚೂರಿಗೆ ಹೊಸದೇ? ಹನ್ನೆರಡು ಬೇಸಿಗೆ ಕಂಡ ಗಾಡಿ ಅದು. ಒಂದು ತಿಂಗಳಿನಿಂದ ಅದರ ನಡತೆಯೇ ಬದಲಾಗಿದ್ದನ್ನು ನಾನು ನೋಡುತ್ತಿದ್ದೆ. ಬೆಳಿಗ್ಗೆ ಹಾಲು ಉಕ್ಕುವವರೆಗೂ ಚೋಕ್ ಎಳೆದೇ ಇಡಬೇಕು. ಎಕ್ಸಲೇಟರ್ ಬಿಟ್ಟರೆ ಸೈಲೆನ್ಸರಿನಲ್ಲಿ ಪಟಾಕಿ. ಸಂಜೆ ಅಂಗಳದಲ್ಲಿ ನಿಲ್ಲಿಸಿದ ಮೇಲೆ ಎಂಜಿನ್ನಿನ ಪಕ್ಕ ಹಾದರೆ ಒಲೆಯ ಮುಂದೆ ಕೂತಂತೆ ಕಾವು. ಇದೆಲ್ಲ ಶುರುವಾದದ್ದು ಮಾನ್ವಿಯಲ್ಲಿ ನನ್ನ ಮೈದುನನ ಗ್ಯಾರೇಜಿನಲ್ಲಿ ಸರ್ವಿಸ್ ಆದಮೇಲೆ. ಯಜಮಾನರು ದೇವದುರ್ಗದ ಶಾಲೆಯೊಂದರಲ್ಲಿ ಅಟೆಂಡರ್. ದಿನಾ ಲಾರಿ, ಟಿಪ್ಪರುಗಳ ನಡುವೆ ಅದೇ ಗಾಡಿಯ ಮೇಲೆ ಹೋಗಿಬರುವ ಮನುಷ್ಯ. ಅವತ್ತು ತಳ್ಳಲು ನಾನಿದ್ದೆ. ಉಳಿದ ದಿನ ಯಾರಿರುತ್ತಾರೆ?

ಬೇರೆ ಮೇಸ್ತ್ರಿಗೆ ತೋರಿಸೋಣವೆಂದರೆ ನಮ್ಮ ಮನೆಯಲ್ಲಿ ಅದಾಗದ ಮಾತು. ಒಮ್ಮೆ ದೇವದುರ್ಗದಲ್ಲಿ ಕ್ಲಚ್ ವೈರ್ ಹರಿದು ಅಲ್ಲೇ ಹಾಕಿಸಿಕೊಂಡು ಬಂದದ್ದಕ್ಕೆ ಮೈದುನ ಆ ವರ್ಷ ಪಂಚಮಿಯ ಉಂಡಿಯನ್ನು ನಮ್ಮ ಮನೆಯಲ್ಲಿ ಮುಟ್ಟಲಿಲ್ಲ. ತಮ್ಮ ಮೇಸ್ತ್ರಿಯಾಗಿರುವಾಗ ಅಣ್ಣನ ಗಾಡಿಗೆ ಪರರ ಪಾನಾ, ಸ್ಕ್ರೂಡ್ರೈವರ್ ತಾಗಬಾರದು. ಸರಿ, ಅವನಿಗೇ ಫೋನ್ ಮಾಡಿದೆ. ಗಾಡಿಗೆ ಪೆಟ್ರೋಲ್ ಸಾಲುತ್ತಿಲ್ಲ, ಗಾಳಿ ಹೆಚ್ಚಾಗಿದೆ ಎಂದು ಹೇಳಿದೆ. ಪೂರ್ತಿ ಕೇಳಲೂ ಇಲ್ಲ.

"ವೈನಿ, ಗಾಡಿ ಮಾತು ಅಣ್ಣನ ಕೂಡ ಮಾತಾಡ್ತೀನಿ. ನೀವು ಜಂಪರ್ ಹೊಲಿಯೋ ಮಿಷನ್ ನೋಡ್ಕೋರಿ."

ನೋಡಿಕೊಳ್ಳುತ್ತಲೇ ಬಂದಿದ್ದೇನಲ್ಲ, ಇಪ್ಪತ್ತೈದು ವರ್ಷದಿಂದ. ದಾರದ ಬಿಗಿ ಕಾಲು ಸುತ್ತು ಹೆಚ್ಚಾದರೆ ಹೊಲಿಗೆ ಸುಕ್ಕಾಗುತ್ತದೆ, ಕಾಲು ಸುತ್ತು ಕಡಿಮೆಯಾದರೆ ಕೆಳಗೆ ಗಂಟು ಬೀಳುತ್ತದೆ. ಸ್ಕ್ರೂ ತಿರುಗಿಸುವುದು, ಕಿವಿಗೊಡುವುದು, ಮತ್ತೆ ತಿರುಗಿಸುವುದು ನನ್ನ ಹೊಟ್ಟೆಪಾಡು. ಆ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಹಳೇ ಬೆಡ್‌ಶೀಟ್ ಹಾಸಿದೆ. ಮಿಷನ್ನಿನ ಡ್ರಾಯರಿನಲ್ಲಿದ್ದ ಗಾಡಿಯ ಪುಸ್ತಕ ತೆಗೆದಿಟ್ಟುಕೊಂಡೆ. ಯಜಮಾನರು ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತು, ಬಿಚ್ಚಬೇಡ ಬಿಚ್ಚಬೇಡ ಎಂದು ಮೂರು ಸಲ ಅಂದರು. ತಮ್ಮ ಬೇಜಾರು ಮಾಡಿಕೊಳ್ಳುತ್ತಾನೆ ಅಂತಿರಬೇಕು ಅಂದುಕೊಂಡೆ. ನನ್ನ ಸಿಟ್ಟು ಇನ್ನೂ ಏರಿತು.

ಪೆಟ್ರೋಲ್ ಬಂದ್ ಮಾಡಿ, ಕಾರ್ಬುರೇಟರ್ ಇಳಿಸಿ, ಕೆಳಗಿನ ಬಟ್ಟಲು ಬಿಚ್ಚಿದೆ. ಒಂದೊಂದು ಸ್ಕ್ರೂವನ್ನೂ ಬಿಚ್ಚಿದ ಕ್ರಮದಲ್ಲೇ ಇಡ್ಲಿ ತಟ್ಟೆಯ ಕುಳಿಗಳಲ್ಲಿಟ್ಟೆ. ಪೆಟ್ರೋಲಿನ ದಾರಿಯಲ್ಲಿ ಏರಿಳಿಯುವ ಸೂಜಿಯ ಕ್ಲಿಪ್ಪು ಇರಬೇಕಾದದ್ದು ಐದು ಗೆರೆಗಳಲ್ಲಿ ನಡುವಿನದರಲ್ಲಿ, ಇದ್ದದ್ದು ತೀರಾ ಮೇಲಿನದರಲ್ಲಿ. ಹಾಗಿದ್ದರೆ ಸೂಜಿ ಕೆಳಗಿಳಿದು ಪೆಟ್ರೋಲಿನ ದಾರಿ ಕಟ್ಟುತ್ತದೆ. ಪೆಟ್ರೋಲನ್ನು ಅಳೆದು ಬಿಡುವ ಹಿತ್ತಾಳೆಯ ಗುಂಡಿಗೆ ಜೆಟ್ ಎನ್ನುತ್ತಾರೆ, ನಡುವೆ ಗುಂಡುಸೂಜಿ ತೂರುವಷ್ಟು ತೂತು. ಪುಸ್ತಕದಲ್ಲಿ ತೊಂಬತ್ತೈದು ಎಂದಿತ್ತು. ನಮ್ಮದರ ಮೇಲೆ ಎಂಬತ್ತೈದು ಎಂದು ಕೊರೆದಿತ್ತು, ತೂತು ಅಷ್ಟು ಸಣ್ಣದು. ಬೆಳಕಿಗೆ ಹಿಡಿದರೆ ಆ ಸಣ್ಣ ತೂತಿನೊಳಗೂ ಏನೋ ಹೊಳೆಯಿತು. ಚಿಮಟದಿಂದ ಎಳೆದೆ. ಕರೆಂಟಿನ ವೈರಿನಿಂದ ಕಿತ್ತ ತಾಮ್ರದ ಒಂದು ಎಳೆ. ಜಾರದಂತೆ ತುದಿ ಮಡಚಿ ಸಿಕ್ಕಿಸಿದ್ದ ಮೈದುನ.

ಇದನ್ನೇ ನಮ್ಮ ಕಡೆ ಆವರೇಜ್ ಸೆಟ್ಟಿಂಗ್ ಎನ್ನುವುದು. ಗಾಡಿಯ ಗಂಟಲು ಹಿಸುಕಿ, ನೋಡು ಎಷ್ಟು ಕಡಿಮೆ ಪೆಟ್ರೋಲ್ ಕುಡಿಯುತ್ತದೆ ಎಂದು ಹೆಮ್ಮೆ ಪಡುವುದು. ತಂತಿಯನ್ನು ಯಜಮಾನರ ಪೇಪರಿನ ಮೇಲಿಟ್ಟೆ. ಅವರು ಸ್ನಾನಕ್ಕೆಂದು ಎದ್ದು ಹೋದರು.

ಸ್ಪೇರ್ ಅಂಗಡಿಯವನು ಮೇಸ್ತ್ರಿಯನ್ನು ಕಳಿಸಿರಿ ಅಂದ. ಬಂದಿದ್ದೇನೆ, ತೊಂಬತ್ತೈದು ನಂಬರಿನದು ಕೊಡಿ ಅಂದೆ. ಸಂಜೆ ಹೊಸ ಜೆಟ್ ಕೂಡಿಸಿ, ಕ್ಲಿಪ್ಪನ್ನು ನಡುವಿನ ಗೆರೆಗೆ ತಂದು, ಎಂಜಿನ್ ಕಾಯಿಸಿ, ಗಾಳಿಯ ಸ್ಕ್ರೂ ಹಿಡಿದು ಕೂತೆ. ಬೆರಳಿಗೆ ತಾಗುವಷ್ಟೇ ಮುಚ್ಚಿ, ಒಂದೂವರೆ ಸುತ್ತು ಬಿಚ್ಚಿದೆ. ಅಲ್ಲಿಂದ ಕಾಲು ಕಾಲು ಸುತ್ತು ಆಚೆ ಈಚೆ. ಸದ್ದು ಎಲ್ಲಿ ಏರುತ್ತದೋ ಅಲ್ಲಿ ನಿಲ್ಲಿಸಿ, ಎಂಜಿನ್ನಿನ ಓಟ ಇಳಿಸಿ, ಮತ್ತೆ ಕೇಳಿದೆ. ಹೊತ್ತು ಮುಳುಗುವಷ್ಟರಲ್ಲಿ ಗಾಡಿ ಚೋಕ್ ಇಲ್ಲದೆ, ಕೆಮ್ಮದೆ ನಿಂತಲ್ಲೇ ಓಡುತ್ತಿತ್ತು.

ಮುಂದಿನ ಭಾನುವಾರ ಮೈದುನನನ್ನು ಚಹಾಕ್ಕೆ ಕರೆದೆ. ಅಂಗಳದಲ್ಲಿ ಗಾಡಿ ಚಾಲೂ ಮಾಡಿ ಕೇಳಿದ, ಮುಖ ಅರಳಿತು.

"ನೋಡಣ್ಣಾ, ನನ್ನ ಸೆಟ್ಟಿಂಗ್ ಈಗ ಕುಂತದ. ಹೊಲಿಗಿ ಮಿಷನ್ ಓಡಿದಂಗ ಓಡಾಕತ್ತದ."

ಚಹಾ ಕೊಟ್ಟೆ. ಬಸಿಯಲ್ಲಿ ಕಪ್ಪಿನ ಪಕ್ಕ ಆ ಎಂಬತ್ತೈದರ ಜೆಟ್ಟನ್ನೂ ತಾಮ್ರದ ಎಳೆಯನ್ನೂ ಇಟ್ಟಿದ್ದೆ. ಅವನು ಬಸಿ ನೋಡಿದ. ಆಮೇಲೆ ನನ್ನನ್ನಲ್ಲ, ಅಣ್ಣನನ್ನು ನೋಡಿದ.

"ವೈನಿಗಿ ಹೇಳಿಲ್ಲೇನು ನೀನು?"

ಮೈದುನ ಬಸಿ ಕೆಳಗಿಟ್ಟು ನನಗೆ ಹೇಳಿದ.

"ಜೆಟ್ ಸಣ್ಣದು ಹಾಕೀನಿ, ಸಾಕು ಅಂದಿದ್ದೆ ವೈನಿ. ಲೀಟರಿಗೆ ಇನ್ನೊಂದು ಐದು ಕಿಲೋಮೀಟರ್ ಬರಂಗ ಮಾಡು ಅಂತ ಹಠ ಹಿಡದು ಕುಂತಾವ ಇವ. ಎದುರಿಗೇ ನಿಂತು ಹಾಕಿಸ್ಯಾನ."

"ನಮ್ಮ ಸಾಲಿ ಮಂದಿ ಎಲ್ಲಾರ ಗಾಡ್ಯಾಗೂ ಅದ," ಅಂದರು ಯಜಮಾನರು, ಬಹಳ ಸಣ್ಣ ದನಿಯಲ್ಲಿ.

ಒಂದು ತಿಂಗಳು ಮೈದುನನನ್ನು ಮನಸ್ಸಿನಲ್ಲೇ ಬೈದಿದ್ದೆ. ಇವರು ಬೈಯಿಸಿದ್ದರು. ಪ್ರತಿ ಕೆಮ್ಮಿಗೂ ಕಾರಣ ಇವರಿಗೆ ಗೊತ್ತಿತ್ತು.

"ಕ್ರಾಸಿನ್ಯಾಗ ಲಾರಿ ಮೈಮ್ಯಾಗ ಬರ್ತಿತ್ತು," ಅಂದೆ. "ಆಗೂ ಬಿಸಲು ಅಂದ್ರಿ."

ಮೈದುನ ಮೆಲ್ಲಗೆ ನಗಲು ನೋಡಿದ. ಅವನ ಕಡೆ ತಿರುಗಿದೆ.

"ನಗಬ್ಯಾಡ್ರಿ. ಮೇಸ್ತ್ರಿ ನೀವು. ನಾಳಿ ಬ್ರೇಕ್ ಬ್ಯಾಡ ಅಂದ್ರ ಅದನ್ನೂ ಕಿತ್ತು ಕೊಡ್ತೀರೇನು?"

ಅವನು ಚಹಾ ಪೂರ್ತಿ ಕುಡಿಯದೆ ಹೋದ. ಬರುವ ಪಂಚಮಿಗೂ ಬರಲಿಕ್ಕಿಲ್ಲ, ಬಾರದಿರಲಿ. ಯಜಮಾನರಿಗೆ ಎದ್ದೇಳಿರಿ, ಕಲ್ಮಲಕ್ಕೆ ಹೋಗಿಬರೋಣ ಅಂದೆ. ಅವರು ಗಾಡಿಯ ಕೀಲಿಕೈ ತೆಗೆದುಕೊಂಡು ಎದ್ದರು.

ಅದೇ ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಲು ಹೇಳಿ, ಅದೇ ಜಾಗದಿಂದ ದಾಟಿರಿ ಅಂದೆ. ದೂರದಲ್ಲಿ ಟಿಪ್ಪರ್ ಬರುತ್ತಿತ್ತು. ಅವರು ಒಂದು ಗಳಿಗೆ ತಡೆದು, ಎಕ್ಸಲೇಟರ್ ತಿರುವಿದರು. ಗಾಡಿ ಒಂದೇ ಎಳೆತಕ್ಕೆ ಆಚೆ ದಡದಲ್ಲಿತ್ತು. ನಾವು ಮುಟ್ಟಿ ಎಷ್ಟೋ ಹೊತ್ತಿನ ಮೇಲೆ ಟಿಪ್ಪರ್ ಹಾದುಹೋಯಿತು.

"ಚಲೋ ಆಗ್ಯದ," ಅಂದರು ಅವರು, ಅರ್ಧ ತಿರುಗಿ.

ರಾಯಚೂರು ಮುಟ್ಟುವವರೆಗೆ ಎರಡು ಸಲ ಹೆಗಲು ನನ್ನ ಕಡೆಗೆ ಹಿಂದಕ್ಕೆ ಮಾಡಿ ಕೂತರು. ನನ್ನ ಕೈ ಹಿಂದಿನ ಕಂಬಿ ಹಿಡಿದುಕೊಂಡೇ ಇತ್ತು.