ಮಂಜಿನಲ್ಲಿ ಓಗೊಟ್ಟವನು

ರುವೆಂಜೋರಿ ಬೆಟ್ಟದ ಬುಡದಲ್ಲಿ ಬ್ವಂಬಾಲೆಯ ಮೊಣಕಾಲೇ ಹವಾಮಾನ ಕಚೇರಿ. ಪ್ರವಾಸಿಗರನ್ನು ನೆತ್ತಿಗೆ ಹತ್ತಿಸುವ ದಿನ ಅವನು ಬೆಳಿಗ್ಗೆ ಮುಬುಕು ಹೊಳೆಗಿಳಿದು ನಿಲ್ಲುತ್ತಾನೆ. ನೀರು ಕೆಂಪಾಗಿದ್ದರೆ ಬಿದಿರುಕಾಡಿನಲ್ಲಿ ಮಳೆ. ಅಕ್ಕಿ ತೊಳೆದ ನೀರಿನಂತಿದ್ದರೆ ಮೇಲೆ ಹಿಮ ಕರಗುತ್ತಿದೆ. ತಿಳಿಯಾಗಿದ್ದು ಕಾಲು ಮರಗಟ್ಟಿದರೆ ಹೊರಡಬಹುದು. ರೇಡಿಯೋದವರು ಎಷ್ಟೋ ಸಲ ಸುಳ್ಳು ಹೇಳಿದ್ದಾರೆ, ಅವನ ಮೊಣಕಾಲು ಹೇಳಿಲ್ಲ.

ಅವರ ಜನದಲ್ಲಿ ಹುಟ್ಟಿದ ಕ್ರಮವೇ ಹೆಸರು. ಎರಡನೇ ಗಂಡು ಬ್ವಂಬಾಲೆ, ಮೂರನೆಯವನು ಮಸೆರೆಕಾ. ಹತ್ತು ಹೊರೆಯಾಳುಗಳಿದ್ದರೆ ಅದರಲ್ಲಿ ಇಬ್ಬರಾದರೂ ಮಸೆರೆಕಾಗಳು ಇದ್ದೇ ಇರುತ್ತಾರೆ. ಆದರೆ ಹಿಮದ ಮೇಲೆ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಹೊತ್ತ ಹೊರೆಯಿಂದ ಕರೆಯುತ್ತಾರೆ: "ಏ ಡೇರೆ", "ಏ ಪಾತ್ರೆ", "ಏ ಹಗ್ಗ". ಹಿಮದ ಒಡೆಯನ ಕಿವಿಗೆ ಹೆಸರು ಬೀಳಬಾರದು ಎಂದು ಹಿರಿಯರ ಮಾತು. ಇಪ್ಪತ್ತೆರಡು ವರ್ಷದ ಹಿಂದೆ, ಹೊಸದಾಗಿ ಮುಂದಾಳಾದಾಗ, ಬ್ವಂಬಾಲೆ ಈ ಮಾತಿಗೆ ನಕ್ಕಿದ್ದ. ಹರೆಯದ ಸೊಕ್ಕು, ಇನ್ನೇನು.

ಆ ವರ್ಷವೇ ಒಂದು ದಿನ ಇಬ್ಬರು ಪ್ರವಾಸಿಗರೊಂದಿಗೆ ನೆತ್ತಿಯಿಂದ ಇಳಿಯುವಾಗ ನಡುಮಧ್ಯಾಹ್ನವೇ ಮಂಜು ಕವಿದು ಪಕ್ಕದವನ ಮೂಗು ಕಾಣದಾಯಿತು. ಹಿಮದ ಅಂಚಿನಲ್ಲಿ ನಿಂತು ಅವನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿದ. "ಮಸೆರೆಕಾ!" ಎಂದಾಗ ಎರಡು "ಓ" ಕೇಳಿತು. ತಂಡದಲ್ಲಿ ಮಸೆರೆಕಾಗಳು ಇಬ್ಬರು, ಒಬ್ಬ ಪಾತ್ರೆ ಹೊತ್ತವನು, ಇನ್ನೊಬ್ಬ ಹಗ್ಗ ಹೊತ್ತ ಅವನ ಸ್ವಂತ ತಮ್ಮ. ಲೆಕ್ಕ ಸರಿಹೋಯಿತೆಂದು ಇಳಿದುಬಿಟ್ಟ.

ಕೆಳಗಿನ ತಂಗುಮನೆಯಲ್ಲಿ ಮರಗೆಣಸಿನ ಹಿಟ್ಟಿನ ಮುದ್ದೆ ತಿರುವುತ್ತಿದ್ದದ್ದು ಒಬ್ಬನೇ ಮಸೆರೆಕಾ, ಪಾತ್ರೆ ಹೊತ್ತವನು.

"ಹಗ್ಗ ಎಲ್ಲೋ? ನನ್ನ ತಮ್ಮ ಎಲ್ಲಿ?"

"ನಿನ್ನ ಹಿಂದೆ ಇರ್ಲಿಲ್ವಾ?"

"ಕೂಗಿದಾಗ ಇಬ್ರೂ ಓ ಅಂದ್ರಲ್ಲೋ!"

ಪಾತ್ರೆಯವನ ಕೈಯ ಸೌಟು ನಿಂತಿತು. "ನಾನೊಂದೇ ಸಲ ಅಂದಿದ್ದು. ಇನ್ನೊಂದು ನನ್ನ ಬೆನ್ನ ಹಿಂದೆನೇ ಕೇಳಿಸ್ತು. ತಿರುಗಿ ನೋಡಿದ್ರೆ ಯಾರೂ ಇಲ್ಲ. ಹೇಳಿದ್ರೆ ನೀನು ನಗ್ತೀಯ ಅಂತ ಬಾಯಿ ಮುಚ್ಕೊಂಡೆ."

ಬ್ವಂಬಾಲೆ ಒಬ್ಬನೇ ಮೇಲಕ್ಕೋಡಿದ. ಹಿಮದ ಅಂಚು ಮುಟ್ಟುವಾಗ ಹೊಸ ಹಿಮ ಬೀಳತೊಡಗಿತ್ತು. ಕತ್ತಲಾಗಲು ಹೆಚ್ಚು ಹೊತ್ತಿರಲಿಲ್ಲ. ಬುದ್ಧಿ ಕೆಟ್ಟು ಮತ್ತೆ ಹೆಸರನ್ನೇ ಕೂಗಿದ.

ಎರಡು ಕಡೆಯಿಂದ ಉತ್ತರ ಬಂತು.

ಒಂದು ದೂರದಿಂದ, ಹಿಮ ಬಿರಿದಿದ್ದ ಮೇಲಿನ ಇಳಿಜಾರಿನಿಂದ. "ಲೋ ಕತ್ತೆ ನನ್ಮಗನೆ! ಕಾಲು ಮುರ್ಕೊಂಡು ಬಿದ್ದಿದೀನಿ, ಮದುವೆಗೆ ಬರೋನ ಹಾಗೆ ಬರ್ತೀಯಲ್ಲೋ!" ಇನ್ನೊಂದು ಹತ್ತು ಹೆಜ್ಜೆ ಆಚೆಯ ಬಂಡೆಯ ಮರೆಯಿಂದ. "ಇಲ್ಲಿದೀನಿ ಅಣ್ಣಾ. ಬಾ, ಮನೆಗೆ ಹೋಗೋಣ."

ಬೈಗುಳವಿಲ್ಲದೆ ಮಸೆರೆಕಾ ಅಣ್ಣನ ಹತ್ತಿರ ಒಂದು ಮಾತೂ ಆಡಿದವನಲ್ಲ. ಇವನ ಬಾಯಿ ತೊಳೆಯಲು ಮುಬುಕು ಹೊಳೆ ಸಾಲದು ಎಂದು ಅವ್ವನೇ ಅನ್ನುತ್ತಿದ್ದಳು. ಯಾವುದು ತಮ್ಮನ ದನಿ ಎಂದು ಬ್ವಂಬಾಲೆಗೆ ಗೊತ್ತಿತ್ತು. ಆದರೆ ಮೇಲಕ್ಕೆ ಒಂದು ಗಂಟೆಯ ದಾರಿ, ಹಿಮ ದಟ್ಟವಾಗುತ್ತಿತ್ತು, ಅವನಿಗೆ ಹೆದರಿಕೆಯೂ ಆಗಿತ್ತು. ಹತ್ತಿರದ್ದನ್ನು ನೋಡಿಯೇ ಬಿಡೋಣವೆಂದು ಬಂಡೆ ಸುತ್ತಿದ.

ಅಲ್ಲಿ ಮಸೆರೆಕಾ ಕೂತಿದ್ದ. ಅದೇ ಮುಖ, ಹೆಗಲಲ್ಲಿ ಅದೇ ಹಗ್ಗ. ಕಾಲು ಎರಡೂ ನೆಟ್ಟಗಿದ್ದವು. ಬ್ವಂಬಾಲೆ ಅವನನ್ನು ಬಾಚಿ ತಬ್ಬಿಕೊಂಡ. ಮೇಲಿನ ದನಿ ಇನ್ನೂ ಬೈಯುತ್ತಲೇ ಇತ್ತು.

"ಅದು ಬರೀ ಗಾಳಿ ಅಣ್ಣಾ. ಕಿವಿಗೆ ಹಾಕ್ಕೋಬೇಡ," ಎಂದ ಮಸೆರೆಕಾ. ಇಬ್ಬರೂ ಇಳಿದರು.

ಮಸೆರೆಕಾ ಮತ್ತೆಂದೂ ಬೈಯಲಿಲ್ಲ. ಮದುವೆಯಾದ, ಕಾಫಿ ಗಿಡ ಹಾಕಿದ, ಊರಿಗೆಲ್ಲ ಬೇಕಾದವನಾದ. ಬೆಟ್ಟವೇ ನನ್ನ ಮಗನಿಗೆ ಬುದ್ಧಿ ಕಲಿಸಿತು ಎಂದು ಅವ್ವ ನೆಮ್ಮದಿಯಿಂದ ಕಣ್ಣುಮುಚ್ಚಿದಳು. ಬ್ವಂಬಾಲೆಗೆ ಮಾತ್ರ ನೆಮ್ಮದಿಯಿಲ್ಲ. ಬೇಕೆಂದೇ ತಮ್ಮನ ಕಾಲು ತುಳಿದ. ಬಿಸಿ ಚಹಾ ಅವನ ತೊಡೆಯ ಮೇಲೆ ಚೆಲ್ಲಿದ. ಒಂದು ಸಲ, ಒಂದೇ ಒಂದು ಸಲ ಕತ್ತೆ ಅನ್ನಲಿ ಎಂದು ಕಾದ. "ಪರವಾಗಿಲ್ಲ ಅಣ್ಣಾ," ಎನ್ನುತ್ತಿದ್ದ ಮಸೆರೆಕಾ. ಬ್ವಂಬಾಲೆ ಹಿತ್ತಲಿಗೆ ಹೋಗಿ ಅಳುತ್ತಿದ್ದ.

ವರ್ಷ ವರ್ಷವೂ ಹಿಮ ಮೇಲಕ್ಕೆ ಸರಿಯುತ್ತಿದೆ. ಹಿಮ ಹೋದರೆ ಪ್ರವಾಸಿಗರೂ ಬರುವುದಿಲ್ಲ ಎಂದು ಊರವರಿಗೆ ದಿಗಿಲು. ಅದು ಬೇಗ ಕರಗಲಿ ಎಂದು ಬೇಡಿಕೊಂಡವನು ಬ್ವಂಬಾಲೆ ಒಬ್ಬನೇ. ಈ ಜನವರಿಯಲ್ಲಿ, ಅಂದು ಬೈಗುಳ ಕೇಳಿಬಂದ ಆ ಇಳಿಜಾರು ಬರಿಗಲ್ಲಾಗಿತ್ತು. ಅವನು ಹಗ್ಗ ಕಟ್ಟಿಕೊಂಡು ಅಲ್ಲಿನ ಕಲ್ಲಿನ ಬಿರುಕಿನೊಳಗಿಳಿದು, ತಳದವರೆಗೆ ಕೈಯಾಡಿಸಿದ. ಕಲ್ಲು, ಸಣ್ಣಗೆ ಜಿನುಗುವ ನೀರು, ಬೇರೇನಿಲ್ಲ. ಒಂದು ಮೂಳೆಯೂ ಇಲ್ಲ. ಹಾಡಿಕೊಂಡೇ ಬೆಟ್ಟವಿಳಿದ.

ಮಸೆರೆಕಾ ಅಂಗಳದಲ್ಲಿ ಮರಗೆಣಸು ಸುಲಿಯುತ್ತಿದ್ದ. ಬ್ವಂಬಾಲೆ ಅವನ ಎರಡೂ ಕೈ ಹಿಡಿದು, ಇಷ್ಟು ವರ್ಷ ಪಟ್ಟ ಸಂಶಯವನ್ನೆಲ್ಲ ತೋಡಿಕೊಂಡ. "ನಿನ್ನನ್ನೇ ನಂಬಲಿಲ್ವಲ್ಲೋ ಪಾಪಿ ನಾನು. ತಪ್ಪಾಯ್ತು ಕಣೋ."

ಮಸೆರೆಕಾ ಎದ್ದುಹೋಗಿ ಅಣ್ಣನಿಗೆ ಕುಡಿಯಲು ನೀರು ತಂದುಕೊಟ್ಟ. ಮೆಲ್ಲಗೆ ಬೆನ್ನು ಸವರಿದ.

"ಅಳಬೇಡ ಅಣ್ಣಾ. ನೀನು ಇಳಿದಿದ್ದು ಕೆಳಗಿನ ಬಿರುಕಿಗೆ. ಅವನಿರೋದು ಅದರ ಮೇಲಿನದ್ರಲ್ಲಿ. ಅಲ್ಲಿನ ಹಿಮ ಕರಗೋಕೆ ಇನ್ನೂ ಎರಡು ವರ್ಷ ಬೇಕು."