ಚಾವಡಿಯಲ್ಲಿ ಆಯಿ ಹೇಳಿದ ಮಾತು

ನಮ್ಮ ಸೋದರತ್ತೆಗೆ ಬೈಯದೆ ಮಾತಾಡಲು ಬರುವುದಿಲ್ಲ. ನಾನು ಶಾಲೆಯಿಂದ ನಿವೃತ್ತಳಾಗಿ ಶಹಾಪುರದ ಮನೆಯಲ್ಲಿ ಕಾಲು ಚಾಚಿ ಕುಳಿತ ಮೊದಲ ವಾರವೇ ಶುರುವಾಯಿತು. "ಮಂದಿ ಮಕ್ಕಳಿಗಿ ರಾಜರ ವಂಶಾವಳಿ ಬಾಯಿಪಾಠ ಮಾಡಿಸಿದಿ. ನಿಮ್ಮ ಮನಿ ಆಯಿ ಹೆಸರು ಎಲ್ಲ್ಯಾರ ಒಂದು ಕಾಗದದಾಗ ಐತೇನು? ಅದನ್ನ ನೋಡೀಯೇನು?"

ಆಯಿ ಎಂದರೆ ಅತ್ತೆಯ ಅಪ್ಪನ ತಾಯಿ, ನನಗೆ ಮುತ್ತಜ್ಜಿ. ನಾನು ಹುಟ್ಟುವ ಮೊದಲೇ ತೀರಿಕೊಂಡವಳು. ಅತ್ತೆಯನ್ನು ಎತ್ತಿ ಆಡಿಸಿ, ತಲೆ ಬಾಚಿ, ಹೊಲಕ್ಕೆ ಬೆನ್ನ ಹಿಂದೆ ಕರೆದೊಯ್ದು ಬೆಳೆಸಿದವಳು ಆಕೆಯೇ. ಅತ್ತೆಯ ಪ್ರಕಾರ ಈ ಭೂಮಿಯ ಮೇಲೆ ರೊಟ್ಟಿಯನ್ನು ಸರಿಯಾಗಿ ಬಡಿದವಳು, ಹೊಲದ ಕಸವನ್ನು ಸರಿಯಾಗಿ ತೆಗೆದವಳು, ಬಾಯಿಯನ್ನು ಸರಿಯಾಗಿ ಮುಚ್ಚಿಕೊಂಡವಳು ಆಯಿ ಒಬ್ಬಳೇ. ಉಳಿದ ನಾವೆಲ್ಲ ತಿಂದುಂಡು ತಿರುಗುವವರು. ತಾನು ಮಾತ್ರ ಥೇಟ್ ಆಯಿಯ ಹಾಗೆ ಎಂದು ಅತ್ತೆಗೆ ಬಹಳ ಹೆಮ್ಮೆ. ಬಾಯಿ ಮುಚ್ಚಿಕೊಳ್ಳುವ ವಿಷಯದಲ್ಲಿ ಇದು ಹೇಗೆ ಸರಿ ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಆಯಿಯದು ಒಂದು ಫೋಟೋ ಕೂಡ ಇಲ್ಲ. ಆಕೆಯನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವುದು ಅತ್ತೆ ಒಬ್ಬಳೇ, ಆಕೆಗೂ ಎಂಬತ್ತು ದಾಟಿದೆ. "ನಾ ಕಣ್ಣು ಮುಚ್ಚಿದ್ರ ಆಕಿ ಇದ್ದಳೋ ಇಲ್ಲೋ ಅಂಬಂಗ ಆಗ್ತೈತಿ" ಎಂದು ಒಂದು ದಿನ ಬೈಯದೆ ಹೇಳಿದಳು. ಬೈಯದೆ ಹೇಳಿದ್ದರಿಂದ ನಾನು ಮರುದಿನವೇ ಬಸ್ಸು ಹತ್ತಿದೆ.

ನಮ್ಮ ಮೂಲ ಊರು ಸುರಪುರ ತಾಲೂಕಿನದು. ತಾಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟೆ, ನಾಲ್ಕಾರು ಸಲ ಎಡತಾಕಿದೆ, ಒಮ್ಮೆ ಯಾದಗಿರಿಗೂ ಹೋಗಿಬಂದೆ. ಕೊನೆಗೆ ನಮ್ಮ ಹೊಲಕ್ಕೆ ಸಂಬಂಧಿಸಿದ ಎರಡು ಹಳೇ ದಾಖಲೆಗಳ ನಕಲು ಕೈಗೆ ಬಂದವು. ನಿಜಾಮರ ಕಾಲದವು, ಪೂರಾ ಉರ್ದು. ನನ್ನ ಜೊತೆ ಕೆಲಸ ಮಾಡಿದ ಉರ್ದು ಮಾಸ್ತರರೊಬ್ಬರು ನಮ್ಮ ಗಲ್ಲಿಯಲ್ಲೇ ಇದ್ದಾರೆ. ಸಂಜೆ ಚಹಾಕ್ಕೆ ಕರೆದೆ. ಅತ್ತೆ ಹೊಸ ಇಳಕಲ್ ಸೀರೆ ಉಟ್ಟುಕೊಂಡು ಪಡಸಾಲೆಯಲ್ಲಿ ಬಂದು ಕುಳಿತಳು, ಆಯಿಯೇ ಭೇಟಿಗೆ ಬರುತ್ತಿರುವ ಹಾಗೆ.

ಮಾಸ್ತರರು ಕನ್ನಡಕ ಒರೆಸಿಕೊಂಡು ಓದತೊಡಗಿದರು. ಊರು ನಮ್ಮದೇ. ಹೊಲವೂ ನಮ್ಮದೇ. ಆಯಿಯ ಗಂಡ ತೀರಿಕೊಂಡ ಮೇಲೆ ಹೊಲ ಯಾರ ಹೆಸರಿಗೆ ಎಂಬ ವಿಚಾರಣೆಯ ಕಾಗದ ಅದು. ಆಮೇಲೆ ಆಯಿಯ ಹೆಸರು ಬಂತು. ಅತ್ತೆ ಎದ್ದು ಬಂದು, "ಎಲ್ಲೈತಿ, ತೋರಿಸ್ರಿ" ಎಂದು ಆ ಅಕ್ಷರಗಳ ಮೇಲೆ ಬೆರಳಿಟ್ಟಳು. ತನಗೆ ಓದಲು ಬರದ ಆ ಲಿಪಿಯನ್ನು ಅಷ್ಟು ಅಕ್ಕರೆಯಿಂದ ನೋಡಿದವರನ್ನು ನಾನು ಕಂಡಿಲ್ಲ.

"ಮುಂದ ಓದ್ರಿ" ಎಂದಳು.

ಮಾಸ್ತರರು ತಡೆದರು. "ಬೇವಾ ಅಂತ ಐತ್ರಿ. ಅಂದ್ರ ಗಂಡ ಸತ್ತಾಕಿ. ಅದರ ಮುಂದ ಲಾವಲ್ದ್ ಅಂತ ಬರದಾರ."

"ಅಂದ್ರ?"

"ಮಕ್ಕಳು ಇಲ್ಲದವ್ರು ಅಂತ್ರಿ, ಅಮ್ಮಾ."

ಅತ್ತೆ ನಕ್ಕಳು. "ಹಂಗಾದ್ರ ನಮ್ಮಪ್ಪ ಏನು ಮುಗಲಾಗಿಂದ ಬಿದ್ದಾನೇನು? ಬರಿಯೋ ಕುಲಕರ್ಣಿ ನಿದ್ದಿಗಣ್ಣಾಗ ಇದ್ದಾನು." ಆದರೆ ಬರೆದವನು ನಿದ್ದೆಗಣ್ಣಿನಲ್ಲಿ ಇರಲಿಲ್ಲ. ಮಕ್ಕಳಿಲ್ಲವೆಂದು ವಿಧವೆಯೇ ಪಂಚರ ಮುಂದೆ ಹೇಳಿದ್ದಾಳೆ, ಆದ್ದರಿಂದ ಹೊಲ ಮೈದುನರ ಹೆಸರಿಗೆ, ಆಕೆಯ ಹೊಟ್ಟೆಪಾಡಿಗೆ ಹೊಲದ ಒಂದು ಸಣ್ಣ ಪಟ್ಟಿ ಮಾತ್ರ ಎಂದು ಸ್ಪಷ್ಟವಾಗಿತ್ತು. ಎರಡನೇ ಕಾಗದ ಎಷ್ಟೋ ವರ್ಷ ಈಚಿನದು. ಆ ಪಟ್ಟಿಯನ್ನು ಆಯಿ ತನ್ನ ದತ್ತು ಮಗನ ಹೆಸರಿಗೆ ಮಾಡಿದ್ದಳು. ದತ್ತು ಮಗನೆಂದು ಬರೆದಿದ್ದ ಹೆಸರು ಅತ್ತೆಯ ಅಪ್ಪನದು, ನಾವು ಮುತ್ಯಾ ಎನ್ನುತ್ತಿದ್ದ ನನ್ನ ಅಜ್ಜನದು. ತಂದದ್ದು ಎದುರು ಮನೆಯಿಂದ ಎಂದು ಆ ಮನೆತನದ ಹೆಸರೂ ಇತ್ತು.

ಮಾಸ್ತರರು ಚಹಾ ಅರ್ಧಕ್ಕೇ ಬಿಟ್ಟು ಹೋದರು. ಅತ್ತೆ ಕಾಗದ ಮಡಚಿ ನನ್ನ ಕೈಗಿಟ್ಟಳು. "ನಮ್ಮಪ್ಪ ಆಕಿಗಿ ಅಕ್ಕಾ ಅಂತಿದ್ದ. ಎಂದೂ ಅವ್ವಾ ಅಂದಿಲ್ಲ. ತುಂಬಿದ ಮನ್ಯಾಗ ಕಾಕಗೋಳು ಹಂಗ ಅಂದಿದ್ದು ಕೇಳಿ ರೂಢಿ ಆಗೈತಿ ಅಂತ ನಾ ತಿಳಕೊಂಡಿದ್ದೆ. ಈಗ ತಿಳೀತು ಯಾಕಂತ."

"ಅತ್ತಿ, ಹಡೆದವರಿಗಿಂತ ಸಾಕಿದವರು ದೊಡ್ಡವರು," ಎಂದೆ.

"ಆ ಮಾತು ನಿನ್ನ ಸಾಲ್ಯಾಗ ಹೇಳು. ನಾ ಆಕಿ ರಕ್ತ ಅಂತ ಇಷ್ಟು ವರ್ಷ ಮೆರದೇನಿ. ಈಗ ಆಕಿ ನನಗ ಏನೂ ಅಲ್ಲ."

ಅದಾದ ಮೇಲೆ ಮನೆಯಲ್ಲಿ ಬೈಗುಳ ನಿಂತಿತು. ಒಂದು ದಿನ ಸಾರಿಗೆ ಉಪ್ಪು ಹಾಕಲು ಮರೆತೆ. ಅತ್ತೆ ಏನೂ ಅನ್ನದೆ ಉಂಡು ಕೈ ತೊಳೆದಳು. ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಇದ್ದ ಹಳೇ ಕಾಗದವನ್ನು ಇದ್ದಲ್ಲೇ ಇರಲು ಬಿಡದೆ ಎಬ್ಬಿಸಿ ತಂದವಳು ನಾನೇ ಅಲ್ಲವೇ. ಕೆಟ್ಟರೆ ಪೂರ್ತಿ ಕೆಡಲಿ ಎಂದುಕೊಂಡು ಊರಿಗೆ ಫೋನು ಹಚ್ಚಿದೆ. ಆ ಎದುರು ಮನೆಯವರು ಊರು ಬಿಟ್ಟು ಕಕ್ಕೇರಾದಲ್ಲಿ ನೆಲೆಸಿದ್ದಾರೆ, ಹಿರಿಯ ಸೊಸೆ ಇನ್ನೂ ಗಟ್ಟಿಯಾಗಿದ್ದಾಳೆ ಎಂದು ಗೊತ್ತಾಯಿತು. ಅತ್ತೆಗೆ ಹೇಳಿದರೆ, "ನನಗೇನು ಕೆಲಸ ಅಲ್ಲಿ, ನಾ ಬರಂಗಿಲ್ಲ" ಎಂದಳು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಬುತ್ತಿ ಕಟ್ಟಿಕೊಂಡು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು.

ಕಕ್ಕೇರಾದ ಆ ಮನೆಯ ಮುಂದೆ ಹಗ್ಗದ ಹೊರಸಿನ ಮೇಲೆ ಕುಳಿತಿದ್ದ ಹಿರಿಯಳು ಅತ್ತೆಗಿಂತ ಹತ್ತು ವರ್ಷವಾದರೂ ದೊಡ್ಡವಳು. ಯಾರು, ಎತ್ತ ಎಂದು ಕೇಳಿದಳು. ನಾನು ಊರು, ಮನೆತನ ಹೇಳಿದೆ. ಆಕೆ ನನ್ನನ್ನು ಬಿಟ್ಟು ಅತ್ತೆಯ ಗದ್ದ ಹಿಡಿದು ಮುಖ ಎತ್ತಿ ನೋಡಿದಳು.

"ಮೊರದಾಗಿನ ಕೂಸಿನ ಮಗಳೇನು ನೀ?"

ಅತ್ತೆಗೆ ಏನೂ ತಿಳಿಯಲಿಲ್ಲ. ಹಿರಿಯಳ ಸೊಸೆ ತಂದಿಟ್ಟ ಚುರುಮುರಿ ಸೂಸಲ ಅಲ್ಲೇ ಉಳಿಯಿತು. ಹಿರಿಯಳು ತನ್ನ ಅತ್ತೆಯಿಂದ, ಅಂದರೆ ಗಂಡನ ತಾಯಿಯಿಂದ, ಕೇಳಿದ್ದನ್ನು ಹೇಳತೊಡಗಿದಳು.

"ನಿಮ್ಮ ಆಯಿಗಿ ಮೂರು ಹುಟ್ಟಿ ಮೂರೂ ಹೋದುವು ಯವ್ವಾ. ನಾಕನೇದ್ದು ನಿಮ್ಮಪ್ಪ. ಹುಟ್ಟಿದ ಕೂಸಿನ್ನ ಮೊರದಾಗ ಹಾಕ್ಕೊಂಡು ಬಂದು ನಮ್ಮತ್ತಿ ಬಾಗಲದಾಗ ಇಟ್ಲು. ನಮ್ಮತ್ತಿ ಒಂದು ಸೇರು ನುಚ್ಚು ಕೊಟ್ಟು ಕೊಂಡ್ಲು."

ಈ ಪದ್ಧತಿ ನನಗೆ ಗೊತ್ತಿತ್ತು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ಬೇರೆಯವರಿಗೆ ಮಾರುತ್ತಾರೆ. ಕೂಸು ಈ ಮನೆಯದಲ್ಲ ಎಂದು ಸಾವು ದಾಟಿಹೋಗಲಿ ಎಂದು. ಸಂಜೆಯೊಳಗೆ ತಿರುಗಿ ಕೊಂಡು ತಂದುಬಿಡುತ್ತಾರೆ. ಅದನ್ನೇ ಹೇಳಿದೆ.

"ಮೂರನೇ ಕೂಸಿಗಿ ಹಂಗ ಮಾಡಿದ್ರು, ಒಂದು ದಿನದ್ದು. ಅದೂ ಹೋತು. ಅದಕ್ಕ ನಿಮ್ಮ ಆಯಿ, ಈ ಸಲ ಸುಳ್ಳು ಮಾರಾಕ ಬಂದಿಲ್ಲ, ಖರೇನ ಮಾರಾಕ ಬಂದೇನಿ, ಹನ್ನೆರಡು ತುಂಬೂ ಮಟ ಇಂವ ನಿನ್ನ ಮಗ ಅಂದ್ಲಂತ. ನಮ್ಮ ಮನಿಗಿ ಬಂದು ಹಾಲು ಕುಡಿಸಿ ಹೋಗ್ತಿದ್ಲು, ಕೂಲಿಗಿ ಬಂದಾಕಿ ಹಂಗ. ಮಾತು ಬಂದ ಮ್ಯಾಲ ಅಕ್ಕಾ ಅನ್ನಾಕ ಕಲಿಸಿದಾಕಿನೂ ಆಕಿನ."

ಅತ್ತೆ ನನ್ನ ಕೈ ಹಿಡಿದುಕೊಂಡಳು.

"ಹುಡುಗ ಇನ್ನಾ ಸಣ್ಣಾವ ಇದ್ದ, ನಿಮ್ಮ ಆಯಿ ಗಂಡ ಸತ್ತ. ಹೊಲದ ವಿಚಾರಣಿಗಿ ಸಾಹೇಬ ಚಾವಡಿಗಿ ಬಂದ. ಊರಾಗ ಎಲ್ಲಾರಿಗೂ ಖರೇ ಗೊತ್ತೈತಿ, ಮೈದುನರಿಗೂ ಗೊತ್ತೈತಿ. ಸಾಹೇಬ ಕೇಳಿದ, ಮಕ್ಕಳು ಎಷ್ಟಮ್ಮಾ ಅಂತ. ಹುಡುಗ ಅಲ್ಲೇ ನಮ್ಮತ್ತಿ ಬಗಲಾಗ ಇದ್ದ. ಅಕ್ಕಾ ಅಂತ ಆಕಿ ಕಡಿ ಕೈ ಚಾಚಿದ್ನಂತ. ಆಕಿ ಹೊಳ್ಳಿ ನೋಡ್ಲಿಲ್ಲ. ನನಗ ಮಕ್ಕಳಿಲ್ರಿ ಅಂದ್ಲು. ಆಕಿನ ಬಾಯಿಬಿಟ್ಟು ಹೇಳಿದ ಮ್ಯಾಲ ಊರವರು ಏನ ಮಾಡ್ಯಾರು? ಹೊಲಾ ಮೈದುನರದ್ದಾತು."

ನಾನು ಇತಿಹಾಸದ ಜೊತೆ ವಿಜ್ಞಾನವನ್ನೂ ಕಲಿಸಿದವಳು. ಆ ಕಾಲದ ಕೂಸುಗಳು ಯಾವ ಯಾವ ಬೇನೆಯಿಂದ ಸಾಯುತ್ತಿದ್ದವು ಎಂದು ಮಕ್ಕಳಿಗೆ ಪಾಠ ಮಾಡಿದವಳು. ಮೊರ, ನುಚ್ಚು ಇವುಗಳಿಂದ ಮುತ್ಯಾ ಉಳಿದ ಎಂದು ನಾನು ಇಂದಿಗೂ ಒಪ್ಪುವುದಿಲ್ಲ. ಆದರೆ ಅದು ನನ್ನ ಮಾತಾಯಿತು. ಆಯಿಗೆ ಅದು ನಿಜ. ಇವನು ನನ್ನ ಮಗ ಎಂದು ಒಂದು ಮಾತು ಹೇಳಿದ್ದರೆ ಎರೆಹೊಲ ಪೂರ್ತಿ ಉಳಿಯುತ್ತಿತ್ತು. ಹೊಲವೆಂದರೆ ಜೀವ ಬಿಡುವ ನಮ್ಮ ನಾಡಿನಲ್ಲಿ, ಮಗನ ಉಸಿರಿಗಾಗಿ ಹೊಲವನ್ನೂ ತಾಯಿ ಎನ್ನಿಸಿಕೊಳ್ಳುವುದನ್ನೂ ಎಲ್ಲರೆದುರು ಬಿಟ್ಟುಕೊಟ್ಟು ಎದ್ದು ಬಂದಿದ್ದಾಳೆ. ಆಮೇಲೆ ಮಂದಿಯ ಹೊಲದಲ್ಲಿ ದುಡಿದಿದ್ದಾಳೆ. ನನ್ನ ಅಪ್ಪ ಬದುಕಿರುವವರೆಗೂ, ಅಣ್ಣತಮ್ಮಂದಿರ ಮನೆಗಳಿಗೆ ಅಷ್ಟೊಂದು ಹೊಲ, ನಮಗೆ ಇದೊಂದು ಪಟ್ಟಿ, ನಮ್ಮ ಹಿರಿಯರು ಶುದ್ಧ ಮಬ್ಬರು ಎಂದು ಬೈಯುತ್ತಿದ್ದ. ಆ ಪಟ್ಟಿ ಹೇಗೆ ಬಂತೆಂದು ತಿಳಿದಿದ್ದರೆ ಅವನು ದಿನಾ ಅದಕ್ಕೆ ಕೈ ಮುಗಿದು ಕಾಲಿಡುತ್ತಿದ್ದ. ನಾನಂತೂ ಅಲ್ಲಿ ಕುಳಿತೇ ಮನಸ್ಸಿನಲ್ಲಿ ಆಯಿಗೆ ಅಡ್ಡಬಿದ್ದೆ.

"ಹನ್ನೆರಡು ತುಂಬಿದ ದಿನ ಬಂದ್ಲು," ಹಿರಿಯಳು ಮುಂದುವರಿಸಿದಳು. "ಸೇರು ಜ್ವಾಳ ತಂದು ನಮ್ಮತ್ತಿ ಉಡ್ಯಾಗ ಹಾಕಿ ಮಗನ್ನ ಕರ್ಕೊಂಡು ಹೋದ್ಲು. ಸರಕಾರದ ಕಾಗದದಾಗ ಮಕ್ಕಳಿಲ್ಲಂತ ಬರದಿತ್ತಲ್ಲ, ಹಿಂಗಾಗಿ ಮುಂದ ಸ್ವಂತ ಮಗನ್ನ ದತ್ತಕ ತಗೊಂಡೇನಿ ಅಂತ ಬರಸಬೇಕಾತು. ನಮ್ಮತ್ತಿ ಅಂದ್ಲಂತ, ಗಡುವು ಮುಗೀತಲ್ಲ, ಇನ್ನ ಮ್ಯಾಲರ ಅವ್ವಾ ಅನಿಸ್ಕೋ ಅಂತ. ಅದಕ್ಕ ನಿಮ್ಮ ಆಯಿ, ಇರಲಿ ಬಿಡು, ಉಳದಾನಲ್ಲ ಅಂದ್ಲಂತ."

ಅತ್ತೆ ಅಳಲಿಲ್ಲ. ಎದ್ದು ಹಿರಿಯಳ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ತಂದಿಟ್ಟಿದ್ದ ಸೂಸಲವನ್ನು ಆಮೇಲೆ ನಿಂತುಕೊಂಡೇ ತಿಂದಳು.

ಸುರಪುರದ ತನಕ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಇನ್ನು ಮೇಲೆ ಬೈಗುಳ ಮತ್ತೆ ಶುರುವಾಗುತ್ತದೆ, ಆಯಿಯ ರಕ್ತ ಎಂದು ಇಮ್ಮಡಿ ಮೆರೆಯುತ್ತಾಳೆ ಎಂದುಕೊಂಡು ನಾನೇ ಮಾತು ತೆಗೆದೆ. "ಈಗ ಸಮಾಧಾನ ಆತಲ್ಲತ್ತಿ? ಆಕಿ ನಿನ್ನ ಸ್ವಂತ ಆಯಿನ."

"ಆತು," ಎಂದಳು ಅತ್ತೆ. ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳಿದಳು: "ನಾನಾಗಿದ್ರ ಚಾವಡ್ಯಾಗ ಇಂವ ನನ್ನ ಮಗ ಅಂತ ಒದರಿಬಿಡ್ತಿದ್ದೆ. ಕೂಸು ಕೈ ಚಾಚಿದ ಮ್ಯಾಲ ನನ್ನ ಕೈಲೆ ಆಗ್ತಿದ್ದಿಲ್ಲ. ಆಕಿ ಮೊಮ್ಮಗಳು ನಾ ಹೌದು. ಆಕಿ ಹಂಗ ಅಲ್ಲ."