ಎಡಕ್ಕೆ ಬಿದ್ದ ಹೂವು

ಎರಡು ವರ್ಷದ ಹಿಂದಿನ ಒಂದು ಕಾರ್ತಿಕ ಸೋಮವಾರ. ಬೆಳಿಗ್ಗೆ ಎದ್ದು ಕೊಟ್ಟಿಗೆ ಗುಡಿಸಿದೆ, ದೊಡ್ಡ ಹಸುವಿನ ಹಾಲು ಕರೆದು ಡೇರಿಗೆ ಹಾಕಿ ಬಂದೆ, ಅಂಗಳಕ್ಕೆ ನೀರು ಚೆಲ್ಲಿ ರಂಗೋಲಿ ಬಿಟ್ಟೆ, ಅತ್ತೆಯ ಊಟಕ್ಕೆ ಹುರುಳಿ ಸಾರು ಕಾಯಿಸಿಟ್ಟೆ. ಆಮೇಲೆ ಹೊಸ ಸೀರೆ ಉಟ್ಟೆ. ಅಂದು ಬಂಗಾರಪೇಟೆಯಲ್ಲಿ ನನ್ನ ತಂಗಿಯ ಗೃಹಪ್ರವೇಶ. ನಮಗೆ ತಾಯಿಯಿಲ್ಲ, ಆ ಜಾಗದಲ್ಲಿ ನಿಂತು ಹಾಲು ಉಕ್ಕಿಸಬೇಕಾದವಳು ನಾನು. ಯಜಮಾನರು ಹಿಂದಿನ ದಿನವೇ ಹೋಗಿದ್ದರು. ನಮ್ಮ ಗೌರಿ ಚೊಚ್ಚಲ ಗಬ್ಬದ ಹಸು. ಆದರೆ ಕ್ಯಾಲೆಂಡರಿನಲ್ಲಿ ನಾನು ಗುರುತು ಹಾಕಿದ್ದ ಪ್ರಕಾರ ಕರು ಹಾಕಲು ಇನ್ನೂ ಹನ್ನೆರಡು ದಿನವಿತ್ತು.

ಬೇತಮಂಗಲದ ಕಡೆಯ ನಮ್ಮೂರಲ್ಲಿ ಎಲ್ಲಿಗೆ ಹೊರಟರೂ ಗಂಗಮ್ಮನ ಹೂವು ಕೇಳುವುದು ರೂಢಿ. ಗುಡಿಯ ಪೂಜಾರಪ್ಪ ಅಮ್ಮನ ಮೂರ್ತಿಯ ಎರಡೂ ಭುಜಕ್ಕೆ ಹೂವು ಅಂಟಿಸುತ್ತಾರೆ. ಬಲಕ್ಕೆ ಬಿದ್ದರೆ ಹೋಗಬಹುದು, ಎಡಕ್ಕೆ ಬಿದ್ದರೆ ಬೇಡ. ಬಸ್ಸು ನಿಲ್ಲುವಲ್ಲೇ ಇರುವ ಗುಡಿಗೆ ಹೋಗಿ ಶಾಸ್ತ್ರಕ್ಕೆಂದು ಕೇಳಿದೆ. ಎಡಗಡೆಯ ಹೂವು ಪಟ್ಟನೆ ಬಿತ್ತು. ಇನ್ನೊಂದು ಸಲ ಕೇಳಿ ಎಂದೆ. ಪೂಜಾರಪ್ಪ ನನ್ನ ಕೈಚೀಲ ನೋಡಿದರು.

"ಓಗಾದು ಅಂತ ನೀನೇ ಚೀಲ ಕಟ್ಕಂಡು ಬಂದಿದ್ದೀಯ. ಅಮ್ಮನ್ನ ಯಾಕಮ್ಮ ಕೇಳ್ದೆ?"

ಚೀಲವನ್ನು ಸೆರಗಿನಿಂದ ಮುಚ್ಚಿಕೊಂಡೆ. ಹೊರಗೆ ನಾನು ಹತ್ತಬೇಕಿದ್ದ ರಾಬರ್ಟ್‌ಸನ್‌ಪೇಟೆ ಬಸ್ಸು ಬಂದು ನಿಂತಿತು. ಹತ್ತಲು ನಾಲ್ಕು ಹೆಜ್ಜೆ ಸಾಕಿತ್ತು. ಕಂಡಕ್ಟರು ನೋಡಿದರು, ಬರುವುದಿಲ್ಲವೆಂದು ಕೈಯಾಡಿಸಿದೆ.

ಮನೆಗೆ ಬಂದು ಫೋನ್ ಮಾಡಿದರೆ ತಂಗಿ ಅತ್ತಳು. "ಆಯ್ತಕ್ಕಾ, ಇನ್ ಮ್ಯಾಲೆ ನಿಮ್ಮನೇಗೆ ನಾನೂ ಊವು ಕೇಳ್ಕಂಡೇ ಬತ್ತೀನಿ," ಎಂದು ಇಟ್ಟುಬಿಟ್ಟಳು. ನಾನು ಸೀರೆ ಬದಲಾಯಿಸಿದೆ.

ಹನ್ನೊಂದರ ಹೊತ್ತಿಗೆ ಗೌರಿ ಒಂದೇ ಸಮನೆ ಎದ್ದು ಮಲಗತೊಡಗಿದಳು. ಓಡಿ ಹೋಗಿ ನೋಡಿದರೆ ಕರುವಿನ ಮೂತಿಯೂ ಒಂದೇ ಕಾಲೂ ಕಾಣುತ್ತಿದ್ದವು. ಇನ್ನೊಂದು ಕಾಲು ಒಳಗೆ ಮಡಚಿಕೊಂಡಿತ್ತು. ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ಬರಲು ಒಂದು ಗಂಟೆಯಾದರೂ ಬೇಕು, ಅಷ್ಟು ಹೊತ್ತು ಕಾದರೆ ಎರಡೂ ಉಳಿಯುವುದಿಲ್ಲ ಎಂದರು. ಅತ್ತೆ ಫೋನನ್ನು ನನ್ನ ಕಿವಿಗೆ ಹಿಡಿದರು. ಮೊಣಕೈವರೆಗೂ ಸೋಪು ಬಳಿದುಕೊಂಡು, ಡಾಕ್ಟರು ಹೇಳಿಕೊಟ್ಟಂತೆ ಕರುವನ್ನು ಮೆಲ್ಲಗೆ ಹಿಂದೆ ತಳ್ಳಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮುಂದಕ್ಕೆ ತಂದೆ. ಗೌರಿ ತಿಣುಕಿದಳು. ಕರು ಜಾರಿ ನನ್ನ ಮಡಿಲಿಗೇ ಬಂತು. ಹೆಣ್ಣುಗರು.

"ಮಂಡಿನೋವಿನ ಮುದುಕಿ, ನಾನೊಬ್ಬಳೇ ಇದ್ದಿದ್ರೆ ಕೂತು ಅಳ್ತಿದ್ದೆ ಅಷ್ಟೆ," ಎಂದರು ಅತ್ತೆ.

ತಂಗಿಯ ಮನೆಯ ಹಾಲು ಉಕ್ಕಿದ್ದನ್ನು ನೋಡಲಿಲ್ಲವೆಂಬ ಕೊರಗು ಇಂದಿಗೂ ಇದೆ. ಆದರೆ ನನ್ನ ಕ್ಯಾಲೆಂಡರಿಗೆ ಗೊತ್ತಿಲ್ಲದ್ದು ಗಂಗಮ್ಮನಿಗೆ ಗೊತ್ತಿತ್ತು. ಅದರಲ್ಲಿ ನನಗೆ ಅನುಮಾನವಿಲ್ಲ. ಈಗ ಮೊದಲು ಹೂವು ಕೇಳುತ್ತೇನೆ, ಆಮೇಲೆ ಚೀಲ ತುಂಬುತ್ತೇನೆ.

ಅಂದು ದೀಪ ಹಚ್ಚುವ ಹೊತ್ತಿಗೆ ಯಜಮಾನರು ಒಬ್ಬಟ್ಟಿನ ಡಬ್ಬಿ ಹಿಡಿದು ಬಂದರು. ಜೊತೆಗೆ, ಕರು ಹಾಕಿದ ಸುದ್ದಿಯನ್ನು ಫೋನಿನಲ್ಲಿ ಕೇಳಿದ್ದ ತಂಗಿಯ ಮಾತೂ ಬಂದಿತ್ತು: "ನಾಳೆ ಗಿಣ್ಣಾಲು ಕಳ್ಸಕ್ಕೇಳಿ ಅಕ್ಕಂಗೆ. ಅದ್ಕೂ ಊವು ಕೇಳ್ತಾ ಕೂರಬ್ಯಾಡ ಅನ್ನಿ."

ಹುರುಳಿ ಸಾರಿಗೆ ಬಿಸಿ ಮುದ್ದೆ, ಮೇಲೆ ಒಬ್ಬಟ್ಟು ತಿಂದೆವು. ಎಲ್ಲರಿಗಿಂತ ಮೊದಲು ಮಲಗಿದ್ದು ಕರು, ನನ್ನ ಹಳೇ ಸೀರೆಯ ಮೇಲೆ.